ದೀಪವಿಲ್ಲದ ಊರಿನ ನಕಾಶೆ

ನಾನು ಹುಟ್ಟಿ ಬೆಳೆದ ಮನೆಗೆ ಊರಲ್ಲಿ ಏಳುಕಂಬದವರ ಮನೆ ಎಂದು ಹೆಸರು. ಕಂಬಗಳು ಮಾತ್ರ ನಾಲ್ಕೇ. ಮುಧೋಳದಿಂದ ಲೋಕಾಪುರಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ನಮ್ಮೂರು, ಊರ ಹೆಬ್ಬಾಗಿಲಾದ ಅಗಸಿ ದಾಟಿದೊಡನೆ ನಮ್ಮ ಮನೆ. ಪಡಸಾಲೆಯ ನಡುವೆ ಆ ನಾಲ್ಕು ಕಂಬ, ಎರಡರ ಮಧ್ಯೆ ತೊಟ್ಟಿಲು ಕಟ್ಟುವ ಕೊಂಡಿ, ಒಂದಕ್ಕೆ ಅಪ್ಪ ಒರಗಿ ಕೂತು ಕೂತು ಬಿದ್ದ ಕಪ್ಪನೆಯ ಎಣ್ಣೆ ಕಲೆ. ಕಂಬಗಳ ಆಚೆಗೆ ಅಡುಗೆಮನೆಯ ಹೊಸ್ತಿಲು, ಈಚೆಗೆ ದೇವರ ಜಗಲಿ. ಜಗಲಿಯ ಮುಂದೆ ಹಿತ್ತಾಳೆಯ ಎತ್ತರದ ದೀಪ. ಅದಕ್ಕೆ ನಾವು ಸಮೆ ಎನ್ನುತ್ತಿದ್ದೆವು. ಹೊಸ್ತಿಲಿನಿಂದ ಸಮೆಯ ತನಕ ಮಗು ಕೂಡ ಓಡಿ ಮುಟ್ಟುವಷ್ಟು ದೂರ. ಹೊತ್ತು ಮುಳುಗಿದ ಮೇಲೆ ಅಷ್ಟು ದೂರವನ್ನು ನಮ್ಮ ಅವ್ವ ದಾಟುವಂತಿರಲಿಲ್ಲ. ದಾಟಗೊಡದವಳು ನೀಲವ್ವತ್ತೆ, ಅಪ್ಪನ ಅಕ್ಕ. ನನಗೀಗ ತಲೆ ಪೂರಾ ಬೆಳ್ಳಗಾಗಿದೆ. ಮೊಮ್ಮಕ್ಕಳಿಗೆ ಕಥೆ ಹೇಳುವಾಗ ರಾಕ್ಷಸಿಗೂ ಒಂದೆರಡು ಒಳ್ಳೆಯ ಗುಣ ಸೇರಿಸಿಯೇ ಹೇಳುತ್ತೇನೆ. ಅತ್ತೆಗೆ ಮಾತ್ರ ಆ ಉಪಕಾರ ಮಾಡಲು ಇನ್ನೂ ಮನಸ್ಸು ಬಂದಿಲ್ಲ.

ಅತ್ತೆ ಮದುವೆಯಾಗಿಯೂ ಈ ಮನೆ ಬಿಟ್ಟು ಹೋದವಳಲ್ಲ. ಗಂಡನನ್ನೇ ಮನೆ ಅಳಿಯನನ್ನಾಗಿ ತಂದು ಕಟ್ಟೆಯ ಮೇಲೆ ಕೂರಿಸಿದಳು. ಎಲೆ ಅಡಿಕೆ ಹಾಕಿಕೊಳ್ಳುವುದಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಬಾಯಿ ತೆರೆಯದೆ ಆ ಪುಣ್ಯಾತ್ಮ ಬಾಳಿ ಹೋದರು. ಉಗ್ರಾಣದ ಕೀಲಿ ಅತ್ತೆಯ ಸೊಂಟದಲ್ಲಿ, ಬೆಣ್ಣೆಯ ಗಡಿಗೆ ಅತ್ತೆಯ ಕಣ್ಣಲ್ಲಿ. ಅವ್ವ ಬಂದದ್ದು ಹೊಳೆಯ ಆಚೆ, ಬೀಳಗಿ ಕಡೆಯ ಕೆಂಚಲಗಿಯಿಂದ. ಹಿಂದೆಂದೋ ಪ್ಲೇಗು ಬಂದು ಜನ ಎದ್ದು ಹೋದ ಊರದು. ಸರಕಾರಿ ದಫ್ತರದಲ್ಲಿ ಇಂಥ ಊರಿಗೆ ಬೇಚಿರಾಕ್ ಎಂದು ಬರೆಯುತ್ತಾರೆ, ದೀಪ ಉರಿಯದ ಊರು ಎಂದು. ಅಲ್ಲಿ ಉಳಿದದ್ದು ಹನುಮಪ್ಪನ ಗುಡಿ ಒಂದು, ಆ ಗುಡಿಯ ಪೂಜೆಗೆಂದು ನಿಂತ ಅವ್ವನ ತಂದೆಯ ಮನೆ ಒಂದು. ಆ ಮನೆಯದೇ ಹೆಣ್ಣು ಬೇಕೆಂದು ನಮ್ಮ ಅಜ್ಜ, ಅಂದರೆ ಅಪ್ಪನ ಅಪ್ಪ, ಹಟ ಹಿಡಿದು ಅವ್ವನನ್ನು ತಂದುಕೊಂಡರಂತೆ. ಯಾಕೆಂದು ಯಾರಿಗೂ ಹೇಳಲಿಲ್ಲವಂತೆ. ಮರುವರ್ಷ ಅಜ್ಜ ತೀರಿಕೊಂಡರು. ಅಜ್ಜನ ಬಾಯಿ ಮುಚ್ಚಿದ್ದೇ ತಡ, ಅತ್ತೆಯ ಬಾಯಿ ತೆರೆಯಿತು. ಇದು ನಾನು ಹುಟ್ಟುವ ಮೊದಲಿನ ಮಾತು. ಓಣಿಯ ಮುದುಕಿಯರು ಅತ್ತೆಯ ಕೊರಳು, ಅತ್ತೆಯ ಕಣ್ಣು ಎರಡನ್ನೂ ಹಚ್ಚಿಕೊಂಡು ಹೇಳುತ್ತಿದ್ದರು.

“ಗಂಗವ್ವ, ಆ ಕಡ್ಡಿಪೆಟಗಿ ಕೆಳಗಿಡು. ದೀಪಾ ಇಲ್ಲದ ಊರಾಗ ಹುಟ್ಟಿದ ಕೈ ಅದು. ಆ ಕೈಲೆ ಹಚ್ಚಿದ್ರ ಮನಿ ಬೆಳಗೂದಿಲ್ಲ.”

“ಗುಡಿ ದೀಪಾ ನಮ್ಮಪ್ಪ ದಿನಾ ಹಚ್ಚತಿದ್ದರಿ, ಅಕ್ಕಾರ.”

“ಕಾಗಿಗೆ ಗೂಬಿಗೆ ಹಚ್ಚಿದ್ದಕ್ಕ ನಾವು ದೀಪಾ ಅನ್ನೂದಿಲ್ಲ.”

ಹೀಗೆ ಶುರುವಾದದ್ದು ಮನೆಯ ಪದ್ಧತಿಯೇ ಆಗಿ ಕೂತಿತು. ಸಮೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವವಳು ಅವ್ವ. ಹತ್ತಿ ಬಿಡಿಸಿ ತೊಡೆಯ ಮೇಲೆ ಬತ್ತಿ ಹೊಸೆಯುವವಳು ಅವ್ವ. ಎಣ್ಣೆ ಹಾಕುವವಳೂ ಅವಳೇ. ಬೆಂಕಿ ತಾಗಿಸುವ ಒಂದು ಗಳಿಗೆ ಮಾತ್ರ ಅತ್ತೆಯದು. ಬೇಚಿರಾಕ್ ಎಂಬುದು ನಮ್ಮ ಮನೆಯಲ್ಲಿ ದಫ್ತರದ ಮಾತಾಗಿ ಉಳಿಯಲಿಲ್ಲ, ಅವ್ವನ ಇನ್ನೊಂದು ಹೆಸರಾಯಿತು. ರೊಟ್ಟಿ ಸೀದರೆ “ಬೇಚಿರಾಕ್ ಊರಾಗ ಹಿಂಗ ಸುಡ್ತಾರೇನು?” ಸಾರಿಗೆ ಉಪ್ಪು ಕಡಿಮೆಯಾದರೆ “ಮಂದಿ ಇಲ್ಲದ ಊರಾಗ ಉಪ್ಪು ಯಾರು ಮಾರಾಕ ಬರಬೇಕು ಪಾಪ.” ಪಂಚಮಿಗೆ ಓಣಿಯ ಸೊಸೆಯರನ್ನೆಲ್ಲ ತವರಿನವರು ಕರೆಯಲು ಬಂದಾಗ, ಅಣ್ಣತಮ್ಮಂದಿರಿಲ್ಲದ ನಮ್ಮ ಅವ್ವ ಜೋಳದ ಅಳ್ಳು ಹುರಿಯುತ್ತ ಒಲೆಯ ಮುಂದೆಯೇ ಕೂತಿರುತ್ತಿದ್ದಳು. ಅತ್ತೆ ಜೋಕಾಲಿಯ ಹಗ್ಗ ಬಿಗಿಸುತ್ತ ಕೂಗಿ ಹೇಳುವಳು: “ನಿನ್ನ ಕರಿಯಾಕ ಹನುಮಪ್ಪನ ಬರಬೇಕ ನೋಡು, ಗಂಗವ್ವ.” ನಕ್ಕವರು ನಕ್ಕರು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದರು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಲು ಆಸೆ, ಬರೆದರೆ ಸುಳ್ಳಾಗುತ್ತದೆ.

ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅತ್ತೆ ಇನ್ನೊಂದು ಆಟ ಹೂಡಿದಳು. ಒಂದು ಸಂಜೆ ನನ್ನನ್ನು ಕರೆದು ಕಡ್ಡಿಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟಳು.

“ನೀ ಬಾ ಶಾಂತಿ. ನೀ ಏಳುಕಂಬದವರ ರಕ್ತ. ದೀಪಾ ಹೆಂಗ ಹಚ್ಚತಾರಂತ ನಿಮ್ಮವ್ವಗ ತೋರಸು.”

ಕಡ್ಡಿ ಗೀರುವುದು ಯಾವ ಹುಡುಗಿಗೆ ಬೇಡ? ನಾನು ಹಿಗ್ಗಿ ಹೀರೇಕಾಯಿಯಾಗಿ ದೀಪ ಹಚ್ಚಿ ತಿರುಗಿ ನೋಡಿದೆ. ಅವ್ವ ಹೊಸ್ತಿಲ ಆಚೆ ನಿಂತಿದ್ದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಮುಖದಲ್ಲಿ ಅಳುವೂ ಇಲ್ಲ, ನಗುವೂ ಇಲ್ಲ, ತವೆಯ ಮೇಲಿನ ರೊಟ್ಟಿ ಮಗುಚಿ ಹಾಕುವ ಹೊತ್ತಿಗಾಗಿ ಕಾಯುವವಳ ಮುಖ. ಮಗಳ ಕೈಯನ್ನೇ ಕೋಲು ಮಾಡಿಕೊಂಡು ಅತ್ತೆ ತಾಯಿಯನ್ನು ಹೊಡೆದಿದ್ದಳು. ನನಗೆ ಅದು ಆ ಗಳಿಗೆಯಲ್ಲೇ ಅರ್ಥವಾಯಿತು. ಮರುದಿನದಿಂದ ದೀಪದ ಹೊತ್ತಿಗೆ ನಾನು ಹಿತ್ತಲಲ್ಲಿ ಬಚ್ಚಿಟ್ಟುಕೊಳ್ಳತೊಡಗಿದೆ. ಬಚ್ಚಿಟ್ಟುಕೊಂಡಲ್ಲಿ ಒಂದು ಹಟ ಬೆಳೆಯಿತು: ಅವ್ವ ಆ ಸಮೆಯನ್ನು ಹಚ್ಚಬೇಕು, ಅತ್ತೆ ನಿಂತು ನೋಡಬೇಕು. ನನ್ನ ಬಾಳುವೆಯಲ್ಲಿ ನಾನು ಕಲಿತದ್ದೆಲ್ಲ ಈ ಹಟದ ಹೊಟ್ಟೆಗೆ ಹಾಕಿದ ಮೇವು.

ಅತ್ತೆಯ ಸೊಕ್ಕಿಗೆ ಒಂದು ಬೇರಿತ್ತು. ನಾವು ವಿಜಾಪುರದ ಕೋಟೆಯೊಳಗಿನ ಜನ, ನಮ್ಮ ಹಿರಿಯರು ಬಾದಶಹನ ಕುದುರೆಲಾಯದ ಯಜಮಾನರು ಎಂದು ಅವಳು ಕಂಡಕಂಡವರಿಗೆ ಹೇಳುತ್ತಿದ್ದಳು. ಮನೆಯ ಹೆಸರಿನಲ್ಲಿ ಏಳು ಕಂಬ, ಮನೆಯಲ್ಲಿ ನಾಲ್ಕೇ, ಉಳಿದವು ಎಲ್ಲಿ ಎಂದು ನನ್ನ ತಮ್ಮ ಬಸು ಒಮ್ಮೆ ಕೇಳಿದ್ದಕ್ಕೆ, “ಉಳಿದಾವು ಇನ್ನೂ ಕ್ವಾಟಿಯಾಗ ಅದಾವ, ದೊಡ್ಡಾವಾಗಿ ಹೋಗಿ ತಗೊಂಬಾ” ಎಂದಿದ್ದಳು. ಇದಕ್ಕೆ ಅವಳು ಕೊಡುವ ಸಾಕ್ಷಿ ಎಳ್ಳ ಅಮಾವಾಸ್ಯೆ. ಅಂದು ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎಳ್ಳುಹೋಳಿಗೆ, ಜೋಳದ ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಊಟಕ್ಕೆ ಮೊದಲು ಹೊಲದ ತುಂಬ ಅಡ್ಡಾಡಿ ಭೂಮಿತಾಯಿಗೆ ತುತ್ತು ಎರಚುವುದು ಚರಗ. ಇದು ಎಲ್ಲರ ಮನೆಯದು. ನಮ್ಮ ಮನೆಯದೇ ಇನ್ನೊಂದಿತ್ತು. ಕೊನೆಯ ಕಡುಬನ್ನು ಮನೆಗೆ ಹಿರಿಯನಾದವನು ಹೊಲದ ಬನ್ನಿ ಮರಕ್ಕೆ ಬೆನ್ನು ಹಚ್ಚಿ ನಿಂತು, ಗುಡ್ಡದ ಸಾಲಿನಲ್ಲಿ ಹಲ್ಲುದುರಿದಂತೆ ಕಾಣುವ ಕಣಿವೆಯ ಕಡೆಗೆ ಬೀಸಿ ಒಗೆಯಬೇಕು. ಕೂಗಬಾರದು, ಮಾತಾಡಬಾರದು. ಮರಕ್ಕೆ ಸರಿಯಾಗಿ ಬೆನ್ನು ಹಚ್ಚದಿದ್ದರೆ ಮತ್ತೆ ಒಗೆಯಬೇಕು.

“ಅಲ್ಲಿ ಏನೈತ್ರಿ ಅತ್ತಿ?”

“ಅದ ವಿಜಾಪುರದ ದಿಕ್ಕು. ನಮ್ಮ ಹಿಂದಿನವರು ಅಲ್ಲಿ ಅದಾರ. ಅವರಿಗಿ ಈ ತುತ್ತು.” ಹೇಳುತ್ತ ಅತ್ತೆ ಓರೆಗಣ್ಣಿಂದ ಅವ್ವನ ಕಡೆ ನೋಡುತ್ತಿದ್ದಳು. “ಹಿಂದ ಯಾರರ ಇದ್ದವರು ಒಗೀತಾರ. ಇಲ್ಲದವರು ಬುತ್ತಿ ಹೊರತಾರ.”

ಬುತ್ತಿ ಹೊತ್ತವಳು ಅವ್ವ.

ಮುಂದೆ ಜಮಖಂಡಿಯಲ್ಲಿ ಕಾಲೇಜು ಸೇರಿ ಭೂಗೋಳ ಓದಿದೆ. ಪ್ರಾಯೋಗಿಕ ತರಗತಿಯಲ್ಲಿ ಮೇಜಿನ ಮೇಲೆ ಅಗಲವಾದ ಹಾಳೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಕಲ್ಲಿಟ್ಟು ನಮ್ಮ ಮಾಸ್ತರು ಭೂಸ್ವರೂಪದ ನಕಾಶೆ ಓದಿಸುತ್ತಿದ್ದರು. ಕಂದು ಗೆರೆಗಳು ನೆಲದ ಎತ್ತರ. ಒತ್ತೊತ್ತಾಗಿದ್ದರೆ ಕಡಿದಾದ ಗುಡ್ಡ, ದೂರ ದೂರವಿದ್ದರೆ ಬಯಲು. ಕೆಂಪು ತುಂಡುಗೆರೆ ಕಾಲುದಾರಿ. ನೀಲಿ ನೀರು. “ನಕಾಶೆಗೆ ಯಾರ ಮೇಲೂ ಪ್ರೀತಿ ಇಲ್ಲ, ಯಾರ ಮೇಲೂ ಸಿಟ್ಟಿಲ್ಲ” ಎಂದು ಮಾಸ್ತರು ಹೇಳಿದಾಗ, ಸಿಟ್ಟು ನಾನು ಮನೆಯಿಂದ ತರುತ್ತೇನೆ ಬಿಡಿ ಎಂದುಕೊಂಡೆ. ರಜೆಗೆ ಬಂದಾಗ ದಿಕ್ಸೂಚಿ ಕೇಳಿ ತಂದು ಬನ್ನಿ ಮರಕ್ಕೆ ಬೆನ್ನು ಹಚ್ಚಿ ನಿಂತೆ. ಕಣಿವೆಯ ದಿಕ್ಕನ್ನು ಗುರುತು ಮಾಡಿಕೊಂಡು ಹೋಗಿ ನಕಾಶೆಯ ಮೇಲೆ ಗೆರೆ ಎಳೆದರೆ, ವಿಜಾಪುರ ಎಲ್ಲೋ ಬಡಗಣಕ್ಕೆ ಉಳಿದುಬಿಟ್ಟಿತು. ನಮ್ಮ ಮನೆಯ ಕಡುಬು ತಲೆತಲಾಂತರದಿಂದ ಮೂಡಣದ ಕಡೆ ವಾಲಿ ಬೇರೆ ಎಲ್ಲಿಗೋ ಹೋಗಿ ಬೀಳುತ್ತಿತ್ತು. ಎಲ್ಲಿಗೆ ಎಂದು ನೋಡೋಣವೆಂದರೆ ಗೆರೆ ಹಾಳೆಯ ಅಂಚಿಗೆ ಬಂದು ನಿಂತಿತು. ಪಕ್ಕದ ಹಾಳೆ ಕಾಲೇಜಿನಲ್ಲಿರಲಿಲ್ಲ. ಅತ್ತೆಯದು ಸುಳ್ಳು ಎಂದು ಗೊತ್ತಾಗಿತ್ತು. ಆದರೆ ಬರೀ ಸುಳ್ಳು ಎಂದರೆ ಅವಳು ಇನ್ನೊಂದು ಸುಳ್ಳು ಹೆಣೆಯುತ್ತಾಳೆ. ಹಲ್ಲಿಲ್ಲದ ಹಾವನ್ನು ಬುಟ್ಟಿಯಿಂದ ಹೊರಗೆ ಬಿಡಬಾರದು ಎಂದು ನಮ್ಮ ಓಣಿಯ ಮುದುಕಿಯರೇ ನನಗೆ ಕಲಿಸಿದ್ದರು. ಬುಟ್ಟಿ ಮುಚ್ಚಿಟ್ಟೆ.

ಮುಂದೆ ಹೈಸ್ಕೂಲಿನಲ್ಲಿ ಮಕ್ಕಳಿಗೆ ಭೂಗೋಳ ಕಲಿಸುತ್ತ, ಮದುವೆ, ಮಕ್ಕಳು ಎಂದು ವರ್ಷಗಳು ಕಳೆದವು. ನಿವೃತ್ತಿಯಾದ ಮೇಲೆ, ಹಳೆಯ ನಕಾಶೆಗಳು ಈಗ ಕಂಪ್ಯೂಟರಿನಲ್ಲಿ ಸಿಗುತ್ತವೆಂದು ಗೊತ್ತಾಗಿ, ಎರಡೂ ಹಾಳೆ ಮುದ್ರಿಸಿ ತರಿಸಿದೆ. ಹೊಸವಲ್ಲ, ಕಾಲುವೆಗಳೂ ಡಾಂಬರು ರಸ್ತೆಗಳೂ ಇನ್ನೂ ಬರದಿದ್ದ ಕಾಲದವು. ಜಮಖಂಡಿಯ ನನ್ನ ಮನೆಯ ನೆಲದ ಮೇಲೆ ಅಂಚಿಗೆ ಅಂಚು ಕೂಡಿಸಿ ಅಂಟಿಸಿ, ಮೊಳಕಾಲೂರಿ ಗೆರೆ ಮುಂದುವರಿಸಿದೆ. ಬನ್ನಿ ಮರದಿಂದ ಕಣಿವೆ. ಕಣಿವೆಯಿಂದ ಘಟಪ್ರಭಾ ಹೊಳೆ. ಗೆರೆಯ ಜೊತೆಜೊತೆಗೇ ಒಂದು ಕೆಂಪು ತುಂಡುಗೆರೆಯೂ ಬರುತ್ತಿತ್ತು, ಹೊಳೆಯ ಈ ದಂಡೆಗೆ ನಿಂತು ಆ ದಂಡೆಯಲ್ಲಿ ಮತ್ತೆ ಎದ್ದು ನಡೆಯುವ ಕಾಲುದಾರಿ. ಅದು ಹೋಗಿ ಮುಟ್ಟಿದ್ದು ಒಂದು ಸಣ್ಣ ಗುಡಿಯ ಗುರುತಿಗೆ. ಪಕ್ಕದಲ್ಲಿ ಕೆಂಚಲಗಿ ಎಂದಿತ್ತು. ಹೆಸರಿನ ಕೆಳಗೆ, ಹಾಳುಬಿದ್ದ ಊರು ಎಂಬ ಬರಹ.

ನಾನು ನೆಲದ ಮೇಲೆಯೇ ಕೂತು ನಗತೊಡಗಿದೆ. ಅತ್ತೆ ವರ್ಷ ವರ್ಷ ಅಪ್ಪನನ್ನು ಮರಕ್ಕೆ ನಿಲ್ಲಿಸಿ ಅವ್ವನ ತವರಿಗೆ ಕಡುಬು ಒಗೆಸಿದ್ದಳು.

ಮರುದಿನವೇ ನಕಾಶೆ ಸುತ್ತಿಕೊಂಡು ಊರಿಗೆ ಹೋದೆ. ಅತ್ತೆ ಒಳಗೆ ಮಲಗಿದ್ದಳು. ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದ ಅವ್ವನ ಮುಂದೆ ಹಾಳೆ ಬಿಚ್ಚಿ ಬೆರಳಿಟ್ಟು ತೋರಿಸಿದೆ. ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಹೊಳೆಯ ನೀಲಿಯನ್ನು, ಗುಡಿಯ ಗುರುತನ್ನು ಅವಳು ಕಣ್ಣಿಂದಲೇ ಸವರಿದಳು. ಬೆರಗಾಗಲಿಲ್ಲ. ಶೇಂಗಾದ ಸಿಪ್ಪೆ ಒಡೆಯುತ್ತಲೇ ಸಣ್ಣ ದನಿಯಲ್ಲಿ ಹಳೆಯ ಕೂಗೊಂದನ್ನು ಒಪ್ಪಿಸತೊಡಗಿದಳು. ಅವಳ ತಂದೆ ಸಂಜೆ ಗುಡಿಯ ದೀಪ ಹಚ್ಚಿದ ಮೇಲೆ ಬಯಲಿಗೆ ಮುಖ ಮಾಡಿ, ಊರು ಬಿಟ್ಟು ಹೋದ ಮನೆಗಳನ್ನೆಲ್ಲ ಹೆಸರು ಹಿಡಿದು ಕೂಗುತ್ತಿದ್ದರಂತೆ.

“ಗಾಣದವರ, ನಿಮ್ಮ ದೀಪಾ ನೋಡ್ರಿ. ಹುಣಸಿಗಿಡದವರ, ನಿಮ್ಮ ದೀಪಾ ನೋಡ್ರಿ. ಏಳುಕಂಬದವರ, ನಿಮ್ಮ ದೀಪಾ ನೋಡ್ರಿ.”

“ಯವ್ವಾ, ನಿನಗ ಮೊದಲ ಗೊತ್ತಿತ್ತೇನ ಬೇ?”

“ಗೊತ್ತಿಲ್ದ ನಿಮ್ಮಜ್ಜ ನನ್ನ ಯಾಕ ತಂದಾನು? ಊರು ಮರತ್ರೂ ಊರ ಹೆಣ್ಣ ಮನ್ಯಾಗಿರಲಿ ಅಂತ ತಂದ.”

“ಮತ್ತ ಇಷ್ಟು ವರ್ಷ ಬಾಯಿ ಯಾಕ ಬಿಡಲಿಲ್ಲ?”

“ನಿಮ್ಮಪ್ಪಗ ಹೇಳಿದ್ನಿ. ‘ಅಕ್ಕಗ ಹೇಳಬ್ಯಾಡ, ಮನಿ ಒಡೀತೈತಿ’ ಅಂದ. ನಾ ಹೇಳಿದ್ರ ಅದು ಸೊಸಿ ಮಾತು, ತವರಿಲ್ಲದಾಕಿ ತವರ ಕಟಗೊಂಡಳು ಅಂತಾರ.” ಅವ್ವ ಶೇಂಗಾ ಕೈಬಿಟ್ಟು ನಕಾಶೆಯ ಅಂಚನ್ನು ಹಗುರಾಗಿ ತಟ್ಟಿದಳು. “ಇದು ಹೇಳಿದ್ರ ಸರಕಾರದ ಮಾತು. ನೀ ಸಾಲಿ ಕಲತದ್ದು ಸಾರ್ಥಕಾತು ನೋಡು.”

ಒಂದು ಸಂಶಯವೂ ಉಳಿಯಬಾರದೆಂದು ಬಸುವಿನ ಕಾರಿನಲ್ಲಿ ಅವ್ವನನ್ನು ಕೂರಿಸಿಕೊಂಡು, ಮುಧೋಳದ ಸೇತುವೆ ಸುತ್ತು ಹಾಕಿ ಕೆಂಚಲಗಿಗೆ ಹೋದೆವು. ಕಬ್ಬಿನ ನಡುವೆ ಗುಡಿ ಹಾಗೇ ಇತ್ತು. ಅದರ ಎಡಕ್ಕೆ ಜಾಲಿ ಬೆಳೆದ ದಿಬ್ಬ. ಅವ್ವ ಕೋಲೂರುತ್ತ ಮುಂದೆ ಮುಂದೆ ನಡೆದು ಜಾಲಿಯ ಬುಡದಲ್ಲಿ ನಿಂತಳು. ಬಸು ಕುಡುಗೋಲಿನಿಂದ ಮುಳ್ಳು ಸವರಿದ. ಕಂಬ ನಿಲ್ಲಿಸಲು ನಡುವೆ ಕುಳಿ ತೋಡಿದ ಕಲ್ಲುಗಳು ನೆಲದಲ್ಲಿ ಸಾಲಾಗಿ ಹೂತಿದ್ದವು. ಏಳು. ಬಸು ಎರಡು ಸಲ ಎಣಿಸಿದ. ಆಮೇಲೆ ಮುಳ್ಳು ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡು, “ಅಕ್ಕಾ, ಕ್ವಾಟಿ ಭಾಳ ಸಣ್ಣದ ಐತಲ್ಲ” ಎಂದ. ಬಾದಶಹನ ಕುದುರೆಗಳು ಅಂದೇ ಸತ್ತವು.

ಎಳ್ಳ ಅಮಾವಾಸ್ಯೆಯ ತನಕ ನಾವು ಮೂವರೂ ಉಸಿರು ಬಿಡಲಿಲ್ಲ. ಅಂದು ಹೊಲದಲ್ಲಿ ಎಲ್ಲರೂ ಇದ್ದರು: ಕಿವಿ ಮಂದವಾದ ಅಪ್ಪ, ಕುರ್ಚಿಯ ಮೇಲೆ ಅತ್ತೆ, ಬಸು, ಅವನ ಹೆಂಡತಿ, ಹೊಸದಾಗಿ ಬನಹಟ್ಟಿಯಿಂದ ಬಂದ ಅವನ ಸೊಸೆ ಸುಜಾತಾ, ಓಣಿಯ ನಾಲ್ಕಾರು ಮನೆಯವರು. ಚರಗ ಮುಗಿಯಿತು. ಅಪ್ಪ ಕೊನೆಯ ಕಡುಬು ಹಿಡಿದು ಮರಕ್ಕೆ ಬೆನ್ನು ಹಚ್ಚಿ ಬೀಸಿ ಒಗೆದರು. ಅತ್ತೆ ಸುಜಾತಾಳಿಗೆ ವಿಜಾಪುರದ ಕಥೆ ತೆಗೆದಳು. ಅವಳು ಕುದುರೆಲಾಯಕ್ಕೆ ಬರುವ ತನಕ ಕಾದು, ಕಂಬಳಿಯ ಮೇಲೆ ನಕಾಶೆ ಹಾಸಿದೆ. ಕಾಗದಕ್ಕಿಂತ ಮೊದಲು ನಾಲ್ಕು ಮೂಲೆಗೆ ಕಲ್ಲು ಆರಿಸಿಟ್ಟುಕೊಂಡಿದ್ದೆ.

“ಅತ್ತಿ, ವಿಜಾಪುರ ಆ ಕಡೆ, ಬಡಗಣಕ್ಕ ಐತ್ರಿ. ಅಪ್ಪ ಒಗದ ಕಡಬು ಇಲ್ಲಿ ಹೋತು. ಇದು ಹೊಳಿ, ಇದು ನಮ್ಮ ಹಿಂದಿನವರು ನಡಕೊಂಡ ಬಂದ ದಾರಿ. ಇದು ಅವರ ಊರು. ಹೆಸರು ಓದ್ಲೇನ್ರಿ?”

“ನನಗ ಯಾಕ ಹೇಳ್ತಿ? ಕಾಗದದ ಮ್ಯಾಲ ಯಾರೂ ಏನೂ ಬರೀಬಹುದು.”

“ಸರಕಾರ ಬರದದ್ದರಿ. ಕೆಂಚಲಗಿ. ಬೇಚಿರಾಕ್.”

ಬಸು ಮೊಬೈಲಿನಲ್ಲಿ ಏಳು ಕಲ್ಲುಗಳ ಚಿತ್ರ ತೆಗೆದು ಅತ್ತೆಯ ಕಣ್ಣ ಮುಂದೆ ಹಿಡಿದ. “ಉಳಿದ ಕಂಬಾ ತಗೊಂಬಾ ಅಂದಿದ್ದಿರಿ ಅತ್ತಿ. ಕಲ್ಲಷ್ಟ ಸಿಕ್ಕಾವು.”

ಅತ್ತೆ ಚಿತ್ರ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬನ್ನಿ ಮರದ ಕೆಳಗಿದ್ದ ತನ್ನ ತಮ್ಮನನ್ನು ನೋಡಿದಳು. “ಏ ತಮ್ಮಾ, ಏನಂತಾರೋ ಇವರು? ಖರೆ ಏನೋ?”

ಅಪ್ಪನಿಗೆ ಕೇಳಿಸಿತೋ, ತುಟಿಯ ಆಟದಲ್ಲೇ ತಿಳಿಯಿತೋ. ಕೈಯ ಎಳ್ಳನ್ನು ಧೋತರಕ್ಕೆ ಒರೆಸುತ್ತ, “ಹೂಂ ಅಕ್ಕಾ. ಅಪ್ಪ ಹೇಳಿದ್ದ” ಎಂದರು. ಬಾಳಿನಲ್ಲಿ ಒಮ್ಮೆ ಬಾಯಿ ಬಿಟ್ಟರು. ಬೇಗ ಬಿಟ್ಟಿದ್ದರೆ ಎಂದು ಈಗಲೂ ಹಲ್ಲು ಕಡಿಯುತ್ತೇನೆ. ಅತ್ತೆ ಅಂದು ಹೋಳಿಗೆ ಮುಟ್ಟಲಿಲ್ಲ. ನಾನು ಎರಡು ತಿಂದೆ, ತುಪ್ಪ ಹಾಕಿಸಿಕೊಂಡು.

ಸಂಜೆ ಮನೆಗೆ ಬಂದೆವು. ಹೊತ್ತು ಮುಳುಗಿತು. ಅತ್ತೆ ಎಂದಿನಂತೆ ಗೋಡೆ ಹಿಡಿದು ಜಗಲಿಗೆ ಬಂದಳು. ನಾನು ಕಾದದ್ದು ಈ ಗಳಿಗೆಗೆ. ಅವಳ ಕೈಗಿಂತ ಮೊದಲೇ ಕಡ್ಡಿಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲಿಗೆ ಹೋಗಿ ಅವ್ವನ ಅಂಗೈಯಲ್ಲಿಟ್ಟೆ.

“ಬಾ ಬೇ ಯವ್ವಾ. ಹಚ್ಚು.”

ಅವ್ವ ಹೊಸ್ತಿಲು ದಾಟಿದಳು. ಕಂಬಗಳ ನಡುವೆ ನಿಧಾನಕ್ಕೆ ನಡೆದು ಸಮೆಯ ಮುಂದೆ ನಿಂತಳು. ಬತ್ತಿಯನ್ನು ಸರಿ ಮಾಡಿದಳು. ನನ್ನ ಕಣ್ಣು ತುಂಬಿ ಬಂದಿತ್ತು. ಅವ್ವ ಕಡ್ಡಿ ಗೀರಲಿಲ್ಲ. ಅತ್ತೆಯ ಕಡೆ ತಿರುಗಿದಳು. ನಾನು ಹುಡುಗಿಯಾಗಿದ್ದಾಗ ಕಂಡಿದ್ದ ಅದೇ ಮುಖ. ರೊಟ್ಟಿ ಮಗುಚುವ ಹೊತ್ತು ಬಂದಿತ್ತು.

“ಅಕ್ಕಾರ, ನೀವು ಹೇಳಿದ್ದು ಖರೆ ಐತ್ರಿ. ದೀಪಾ ಇಲ್ಲದ ಊರಿನ ಕೈಲೆ ಹಚ್ಚಿದ್ರ ಮನಿ ಬೆಳಗೂದಿಲ್ಲ. ಅದಕ್ಕ ನನ್ನ ಕೈ ಬ್ಯಾಡ. ನಿಮ್ಮದೂ ಬ್ಯಾಡ.”

“ಗಂಗವ್ವ, ನಾ ಹುಟ್ಟಿದ ಮನಿ ಇದು.”

“ಹೌದ್ರಿ. ಅದಕ್ಕ ಬ್ಯಾಡ ಅಂದ್ನಿ. ನಿಮ್ಮ ಮಾತು ನಾ ಒಂದ ದಿನಾ ಮೀರಿಲ್ಲ. ಈಗ ನೀವೂ ಮೀರಬಾರದು. ಶಾಂತಿ, ನೀನೂ ಹಿಂದ ಸರಿ, ನೀನೂ ಅದ ರಕ್ತ.” ಕಡ್ಡಿಪೆಟ್ಟಿಗೆಯನ್ನು ಪಕ್ಕಕ್ಕೆ ಚಾಚಿದಳು. “ಸುಜಾತಾ, ಬಾರವ್ವ. ನಿಮ್ಮ ಬನಹಟ್ಟ್ಯಾಗ ದೀಪಾ ಉರೀತಾವಲ್ಲ?”

“ಉರೀತಾವ್ರಿ ಆಯಿ. ಕರೆಂಟ ಇದ್ದಾಗ.”

ನಗುವ ಧೈರ್ಯ ಯಾರಿಗೂ ಬರಲಿಲ್ಲ. ಹುಡುಗಿ ದೀಪ ಹಚ್ಚಿದಳು. ಅತ್ತೆಯ ಕೈ ಚಾಚಿದಲ್ಲೇ ಇತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕಡೆಗೆ ಸೊಂಟದ ಕೀಲಿಗೊಂಚಲ ಮೇಲೆ ಇಟ್ಟುಕೊಂಡಳು. ಮುಂದೆ ಅತ್ತೆ ಇನ್ನೂ ಕೆಲವು ವರ್ಷ ಬದುಕಿದ್ದಳು. ಆ ವರ್ಷಗಳಲ್ಲಿ ನಾನು ಯಾವಾಗ ಹೋದರೂ, ಹೊತ್ತು ಮುಳುಗುವ ಮೊದಲೇ ಅವ್ವ ಕೈಕಾಲು ತೊಳೆದು ಬಂದು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಕಾವಲಿಗೆ. ಒಮ್ಮೆ ನಾನು ತಡೆಯದೆ ಕೇಳಿಬಿಟ್ಟೆ: ನಿನಗಾಗಿ ಇಷ್ಟೆಲ್ಲ ಮಾಡಿದೆ, ಆ ದೀಪವನ್ನು ಒಂದು ದಿನವಾದರೂ ಹಚ್ಚಬಾರದಿತ್ತೇ ಎಂದು.

“ನಾ ಹಚ್ಚಿದ್ರ ಮರುದಿನದಿಂದ ಆಕಿನೂ ಹಚ್ಚತಿದ್ದಳು” ಎಂದಳು ಅವ್ವ. ಮಡಿಲಿನಿಂದ ಹತ್ತಿ ತೆಗೆದು, ತೊಡೆಯ ಮೇಲೆ ಹಾಕಿ, ನಾಳೆಯ ಬತ್ತಿ ಹೊಸೆಯತೊಡಗಿದಳು.